ಹೊಳಪು ಕೀಳೋ ಕೆಲಸ

ಇಪ್ಪತ್ತೆರಡು ವರ್ಷ ನೆಲಕ್ಕ ಹೊಳಪು ಕೊಟ್ಟವ ನಾನು.
ವಿಜಯಪುರದ ಕಲ್ಯಾಣಮಂಟಪದಾಗ, ಬ್ಯಾಂಕಿನಾಗ, ಆಸ್ಪತ್ರಿ ವರಾಂಡದಾಗ
ಮಷಿನ್ ಹಿಡದು ಹಿಂದಕ್ಕ ಹಿಂದಕ್ಕ ಸರದು
ಬಂದವರು ಬಗ್ಗಿ ಮಾರಿ ನೋಡಕೊಳ್ಳೋ ಹಂಗ ಮಾಡಿದವ.
ಈಗ ತಿಕೋಟಾದ ಹೊರಗ, ದ್ರಾಕ್ಷಿ ಒಣಗಸೋ ಶೆಡ್ಡಿಗೆ
ಹೊಳಪು ಕೀಳಾಕ ಕರಿಸ್ಯಾರ.

ಹೋದ ಸುಗ್ಯಾಗ ಇಲ್ಲೇ, ಈ ತೊಟ್ಟಿ ಬಾಜೂಕ,
ಹಣ್ಣು ಅದ್ದೋ ಎಣ್ಣಿ ಚೆಲ್ಲಿದಲ್ಲೆ
ಬೋರಮ್ಮ ಕ್ರೇಟ್ ಹೊತ್ತು ಜಾರಿದ್ಳಂತ.
ಹಣ್ಣು ಉಳೀತು. ಮಣಿಕಟ್ಟು ಉಳೀಲಿಲ್ಲ.
"ಎಲ್ಲಾರೂ ಮೊದಲ ಹಣ್ಣ ನೋಡಿದ್ರು ನೋಡ್ರಿ," ಅಂತಾಳ, ನಗತಾಳ,
ಸೊಟ್ಟ ಕೂಡಿದ ಆ ಕೈಲೇನ ನನಗ ಚಹಾ ಕೊಡತಾಳ.

ಬಣ್ಣ ಅಂದ್ರ ಬರೇ ಬಣ್ಣಲ್ಲ ಇದು.
ಮೊದಲು ಕುದಿ ನೀರು, ಕಾಸ್ಟಿಕ್ ಸೋಡಾ.
ಐದು ಸುಗ್ಗಿ ಕುಡದ ಎಣ್ಣಿ ಕಾಂಕ್ರೀಟಿನ ಹೊಟ್ಟಿಯಿಂದ
ಕರ್ರಗ, ನೊರಿನೊರಿ ಹೊರಗ ಬರತದ.
ಆಮ್ಯಾಲ ಗ್ರೈಂಡರು. ದಸ್ತಗೀರನ ಹುಬ್ಬು, ಮೀಸಿ,
ಕಿಸೆದಾಗಿನ ಬೀಡಿ ತನಕ ಸಿಮೆಂಟಿನ ಬೂದಿ.
ರಾತ್ರಿ ಪ್ಲಾಸ್ಟಿಕ್ ಹಾಳಿ ನೆಲಕ್ಕ ಅಂಟಿಸಿ ಮಲಗಿದ್ವಿ;
ಮುಂಜಾನೆ ಹಾಳಿ ಒಳಗ ಬೆವರು.
"ನೆಲ ಇನ್ನೂ ಉಸಿರು ಬಿಡಾಕತ್ತದ, ತಡೀರಿ."
"ಎಷ್ಟ ದಿನಾ?" ಅಂದ ಬಿರಾದಾರ.
"ಅದನ್ನ ನೆಲಕ್ಕ ಕೇಳ್ರಿ."

ಆವ ಉಸುಕಿನ ಚೀಲ ನೋಡಿ ಮತ್ತ ಬಂದ:
"ಇದ್ಯಾಕ? ಕನ್ನಡಿ ಹಂಗ ಬರಲಿ. ಮುಂಬೈ ಪಾರ್ಟಿ ನೋಡಾಕ ಬರತಾರ."

ಕನ್ನಡಿ ನನಗ ಗೊತ್ತದ.
ನಾ ಹೊಳಿಸಿದ ಆಸ್ಪತ್ರಿ ವರಾಂಡದಾಗ, ಮಳಿ ಎರಚಲು ಬಡದ ದಿನ,
ಒಬ್ಬಾಕಿ ನರ್ಸು ಟ್ರೇ ಸಮೇತ ಬಿದ್ದಳು.
ಸಪ್ಪಳ ನನಗ ಕೇಳಿತ್ತು; ಬಾಜೂ ಖೋಲ್ಯಾಗ
ಬಿಲ್ಲಿಗೆ ನಿಂತಿದ್ದೆ.
ಬಿಲ್ಲು ಇಸಕೊಂಡೆ.
ಇದನ್ನ ಬಿರಾದಾರಗ ಹೇಳಲಿಲ್ಲ. "ಉಸುಕು ಇಲ್ಲಂದ್ರ ನಾ ಒಲ್ಲೆ," ಅಂದೆ, ಅಷ್ಟ.

ಮೂರು ಹಲಗಿಗೆ ಮೂರು ನಮೂನಿ ಉಸುಕು ಹಾಕಿ
ಎಣ್ಣಿ ಸುರುವಿ ಹೆಣ್ಮಕ್ಕಳನ್ನ ಕರದೆ.
ಶೆಡ್ಡಿನಾಗ ಅವರದು ಬರಿಗಾಲು, ಚಪ್ಪಲಿ ಬಿಡಂಗಿಲ್ಲ.
ಮಾನಂದಾ ದಪ್ಪ ಉಸುಕಿನ ಮ್ಯಾಲ ನಿಂತು,
"ಅಯ್ಯ, ಇದು ಹಿಮ್ಮಡಿ ತಿಂತದ. ಸಂಜೀಕ ಕಾಲು ಉಳಿಯೂದಿಲ್ಲ."
ಸಣ್ಣದರ ಮ್ಯಾಲ ಜಾರಿ ದಸ್ತಗೀರನ ತೋಳು ಹಿಡದಳು,
ಎಲ್ಲಾರೂ ನಕ್ಕರು, ಆವ ಕೆಂಪಗಾದ.
ಬೋರಮ್ಮ ನಗಲಿಲ್ಲ. ಇದ್ದಲಿ ತಗೊಂಡು ನೆಲದ ಮ್ಯಾಲ ಕುಂತು
ಸೊಟ್ಟ ಕೈಲೆ ಒಂದು ಗೆರಿ ಎಳದಳು.
"ಇಲ್ಲೀ ತನಕ ಒರಟ ಇರಲಿ. ಎಣ್ಣಿ ಇಲ್ಲೀ ತನಕ ಹರೀತದ.
ಆಕಡೆ ಸಣ್ಣದು ಹಾಕು. ಅಲ್ಲೆ ಕುಂತು ಹಣ್ಣು ಆರಸ್ತೀವಿ, ಸೀರಿ ಹರೀತದ."
ಅಂತಾ ನಕ್ಷಾ ಯಾವ ಇಂಜಿನಿಯರ್ ನನಗ ಕೊಟ್ಟಿಲ್ಲ.

ಎರಡು ಡಬ್ಬಿ ಕೂಡಿಸಿದ ಮ್ಯಾಲ ಅರ್ಧ ತಾಸು ಅಷ್ಟ.
ಡಬ್ಬಿ ಕೈಯಾಗ ಕಾಯಾಕ ಹತ್ತತದ; ಮಾತು ನಿಲ್ಲತದ.
ನಾ ರೋಲರ್ ಎಳೀತೀನಿ, ದಸ್ತಗೀರ ಹಿಂದಿಂದ
ಬೀಜ ಬಿತ್ತಿದಂಗ ಉಸುಕು ಬೀಸತಾನ,
ಬಾಗಿಲಕಡೆ ಬೆನ್ನು ಮಾಡಿ, ಹಿಂದಕ್ಕ, ಹಿಂದಕ್ಕ.
ಈ ನಡಿಗಿ ಮಾತ್ರ ಹಳೇದ.

ಅಟ್ಟದ ಮೆಟ್ಟಲು ಕಟ್ಟಿಗಿದು. ಕಟ್ಟಿಗಿ ಉಬ್ಬತದ, ಕುಗ್ಗತದ,
ಬಿಗಿ ಬಣ್ಣ ಅದಕ್ಕ ಒಗ್ಗೂದಿಲ್ಲ.
ಮೆತ್ತಂದು ಹಚ್ಚಿ, ಹೆಜ್ಜಿ ಬೀಳೋ ಅಂಚಿಗಷ್ಟ ಉಸುಕು ಕೊಟ್ಟೆ.

ಏಳು ದಿನಕ್ಕ ಬಾಗಿಲು ತಗದ್ವಿ.
ಬೂದ ನೆಲ. ಯಾರ ಮಾರೀನೂ ಕಾಣೂದಿಲ್ಲ ಅದರಾಗ.
ಬೋರಮ್ಮ ತುಂಬಿದ ಕ್ರೇಟ್ ಹೊತ್ತು, ಎಣ್ಣಿಗಾಲಿಲೆ,
ತೊಟ್ಟಿ ದಾಟಿ ಹೋದಳು. ಕೆಳಗ ನೋಡಲಿಲ್ಲ.

ಸಂಜೀಕ ಫೋನು ಬಂತು ಬಿರಾದಾರಂದು:
ಕಸಬರಿಗಿ ಒಂದ ದಿನಕ್ಕ ಸವದಾವಂತ,
ಅದರ ರೊಕ್ಕಾ ನನ್ನ ಬಿಲ್ಲಿನಾಗ ಮುರಕೊಳ್ತಾನಂತ.

ಮುರಕೋರಿ, ಅಂದೆ.