ಎರಡು ಅಂಕದ ಪ್ರಶ್ನೆ

'ನರಕ್ಕೂ ನಿರ್ನಾಳ ಗ್ರಂಥಿಗೂ ವ್ಯತ್ಯಾಸ ಬರೆಯಿರಿ.' ಎರಡು ಅಂಕ.
ಧರಣೇಶ ಬರೆದಿದ್ದಾನೆ, ಒತ್ತಿ ಒತ್ತಿ,
ಹಾಳೆಯ ಬೆನ್ನಿಗೂ ಮೂಡುವಂತೆ:
'ನರ ಅಂದರೆ ಯಮನೂರಪ್ಪ.
ಗ್ರಂಥಿ ಅಂದರೆ ನಮ್ಮ ತಾತ.'
ಅಷ್ಟೆ.

ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.
ತಪ್ಪು ನನ್ನದೇ.
ಹಳ್ಳಿಮೈಸೂರಿನ ಹತ್ತನೇ ಕ್ಲಾಸಿಗೆ ಪಾಠ ಹೇಳುತ್ತ
ಕಿಟಕಿಯಾಚೆ ಕೈ ತೋರಿಸಿದವಳು ನಾನು:
ಅಲ್ಲಿ ಕಂಬ, ಇಲ್ಲಿ ನಾಲೆ.

ಯಮನೂರಪ್ಪ ನವಲಗುಂದದ ಕಡೆಯ ಲೈನ್‌ಮನ್.
ಆವತ್ತು ಪಾಠದ ನಡುವೆ, ಶಾಲೆಯ ಕಂಬದ ಮೇಲೆ,
ಸತ್ತಿದೆ ಎಂದುಕೊಂಡ ತಂತಿ ಕಿಡಿ ಕಾರಿತು.
ಅವನಿಗೆ ಗೊತ್ತಾಗುವ ಮೊದಲೇ ಕೈ ಹಿಂದೆ ಬಂದಿತ್ತು.
'ಕೈ ಮೊದಲ ಬಂತ್ರೀ ಟೀಚರ, ಅಂಜಿಕಿ ಆಮ್ಯಾಲೆ ಬಂತು.'
ಬೆನ್ನುಹುರಿ ತಲೆಯನ್ನು ಕೇಳಿಕೊಂಡು ಕೂರುವುದಿಲ್ಲ ಮಕ್ಕಳೇ,
ಸೂರಿಗೆ ಬೆಂಕಿ ಬಿದ್ದಾಗ
ಯಜಮಾನನ ಅಪ್ಪಣೆಗೆ ಕಾಯುತ್ತಾರೆಯೇ?

ಆದರೆ ಇಳಿದು ಬಂದವನು
ಮೆಟ್ಟಿಲ ಮೇಲೆ ಕೂತು ಮೂರು ಲೋಟ ಟೀ ಕುಡಿದರೂ
ಲೋಟ ತಟ್ಟೆಗೆ ಬಡಿಯುವುದು ನಿಲ್ಲಲಿಲ್ಲ.
ಬಾಯಿ ಒಣಗಿದೆ, ಅಂಗೈ ಬೆವರಿದೆ.
ಫ್ಯೂಸ್ ತೆಗೆದಾಗಿದೆ, ತಂತಿ ತಣ್ಣಗಿದೆ,
ಮೈಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಆಗ ಕಾಂಪೌಂಡಿನ ಆಚೆ ಜವರಯ್ಯ, ನೀರುಗಂಟಿ,
ಯಾರ ಜೊತೆಗೋ ಜಗಳ:
'ತೂಬ ನೆನ್ನೆ ಸಂಜೆನೇ ಇಳಿಸಿವ್ನಿ ಕಣಪ್ಪ.
ನಾಲೇಲಿರೋದು ಹರ್ದು ಮುಗೀಬ್ಯಾಡ್ವಾ?
ಕೊನೆ ಗದ್ದೆಗೆ ಈಗ ಬತ್ತಾ ಅದೆ.'

ನಾನು ಸೀಮೆಸುಣ್ಣ ಕೆಳಗಿಟ್ಟೆ.
ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತ
ಅಡ್ರಿನಲ್ ಕಥೆಯನ್ನು
ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?
ತಂತಿಯ ಮಾತು ಒಬ್ಬನ ಕಿವಿಗೆ.
ನೀರು ಎಲ್ಲರ ಬದುವನ್ನೂ ಸವರಿ ಹೋಗುತ್ತದೆ,
ಮಡೆ ತೆರೆದಿಟ್ಟ ಗದ್ದೆ ಮಾತ್ರ ಕುಡಿಯುತ್ತದೆ.

ಧರಣೇಶ ಎದ್ದು ನಿಂತ.
'ಪುಸ್ತಕದಲ್ಲಿ ನಿರ್ನಾಳ ಅಂತ ಅದೆ ಮಿಸ್.
ನಾಳನೇ ಇಲ್ದ ಮೇಲೆ ನಾಲೆ ಎಲ್ಲಿಂದ ಬಂತು?'

ಕ್ಲಾಸು ನಕ್ಕಿತು. ನಾನೂ.
ಅದು ರಕ್ತದ ನಾಲೆ ಕಣೋ, ಗ್ರಂಥಿಯದಲ್ಲ.
ನಿಮ್ಮ ತಾತನ ಹೆಸರಲ್ಲಿ ನಾಲೆ ಇದೆಯಾ?
ಗದ್ದೆಯಾದರೂ?
'ಇಲ್ಲ ಮಿಸ್. ಗೇಟಿನ ಕೀಲಿ ಅಷ್ಟೆ.'

ಕ್ಲಾಸಿನಲ್ಲಿ ಹೇಳದೆ ಉಳಿಸಿಕೊಂಡದ್ದೂ ಇದೆ.
ಮೂರು ವರ್ಷ ನನ್ನನ್ನು ಮೈಗಳ್ಳಿ ಎಂದರು,
ಅತ್ತೆ ಬಾಯಿಬಿಟ್ಟು, ಹೆಡ್‌ಮಾಸ್ಟರು ಬಾಯಿಬಿಡದೆ.
ಮಧ್ಯಾಹ್ನ ಮೇಜಿಗೆ ತಲೆಯಿಟ್ಟರೆ ಏಳಲಾಗದ ನಿದ್ದೆ,
ಬಾಚಣಿಗೆ ತುಂಬ ಕೂದಲು, ಏಪ್ರಿಲ್‌ನಲ್ಲೂ ಸ್ವೆಟರು.
ನಾನೂ ನಂಬಿದ್ದೆ.
ಹಾಸನದ ಆಸ್ಪತ್ರೆಯಲ್ಲಿ ಒಂದು ಸಿರಿಂಜು ರಕ್ತ ಕೊಟ್ಟು
ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಿಡಿಸಿ ಓದಿದ ಚೀಟಿ:
ಮಿದುಳ ಬುಡದ ಬಟಾಣಿಕಾಳಿನಷ್ಟು ಕಚೇರಿ
ಪತ್ರದ ಮೇಲೆ ಪತ್ರ ಬರೆದಿದೆ,
ತೂಬು ಎತ್ತು, ತೂಬು ಎತ್ತು,
ಐದು ದಾಟಬಾರದ ಕಡೆ ಅರವತ್ತೆರಡು.
ಕೊರಳಿನ ಚಿಟ್ಟೆ ಒಂದಕ್ಕೂ ಉತ್ತರ ಕೊಟ್ಟಿಲ್ಲ.
ಕಳ್ಳ ಮೈಯೊಳಗಿದ್ದ. ಮೈಗಳ್ಳಿ ನಾನಲ್ಲ.
ಅಲ್ಲೇ, ಅರಕಲಗೂಡು ಬಸ್ಸಿನ ಹೊಗೆಯಲ್ಲಿ, ಅತ್ತುಬಿಟ್ಟೆ.
(ಕಣ್ಣೀರಿನ ಗ್ರಂಥಿಗೆ ನಾಳವಿದೆ.
ಅದು ಈ ಪಾಠದಲ್ಲಿ ಬರುವುದಿಲ್ಲ.)

ಹನ್ನೊಂದೂವರೆ. ಇನ್ನೂ ಹದಿನೇಳು ಪತ್ರಿಕೆ.
ಮಾದರಿ ಉತ್ತರದಲ್ಲಿ ವೇಗಕ್ಕೆ ಇಷ್ಟು, ಅವಧಿಗೆ ಇಷ್ಟು ಅಂಕ.
ಯಮನೂರಪ್ಪನೂ ಇಲ್ಲ, ಜವರಯ್ಯನೂ ಇಲ್ಲ.
ಒಂದೂವರೆ ಎಂದು ಬರೆದೆ.
ಅರ್ಧ ಯಾಕೆ ಹೋಯಿತು ಎಂದು ಬಂದೇ ಬರುತ್ತಾನೆ.
ಕೀಲಿಯ ವಿಷಯ ಬಿಟ್ಟೆಯಲ್ಲೋ, ಅನ್ನಬೇಕು.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಬಿಳಿ ಮಾತ್ರೆ.
ಆಮೇಲೆ ಅರ್ಧ ಗಂಟೆ, ಗಡಿಯಾರ ನೋಡುತ್ತ,
ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಸದ್ದು ಕೇಳುತ್ತ
ಕಾಫಿ ಕುಡಿಯದೆ ಕೂತಿರಬೇಕು.