ಬೊಳ್ಳಿ ಯಾವ ಮನೆ

ಸಿದ್ದಾಪುರದಾಚೆ ಒಂದು ತೋಟದ ತೂಕದ ಶೆಡ್ಡು.
ಗೋಣಿಚೀಲಗಳ ಮೇಲೆ ಹಲಗೆ ಹಾಕಿದರೆ
ಅದೇ ನನ್ನ ಪ್ರಯೋಗಶಾಲೆ.
ಮಂಜುಗಡ್ಡೆ ಮೊಯ್ದುವಿನ ಮೀನಂಗಡಿಯದು.
ವಾಸನೆ ಹೋಗಲ್ಲ ಮೇಡಂ, ಆಮೇಲೆ ಬೈಬೇಡಿ
ಅಂತ ಮೊದಲೇ ಹೇಳಿದ್ದ.

ಬಕೆಟ್ಟಿನಲ್ಲಿ ಹತ್ತು ಡಿಗ್ರಿ ನೀರು.
ಒಂದು ನಿಮಿಷ ಕೈ ಅದ್ದಿ, ತೆಗೆದು, ಒರೆಸಿಕೊಂಡು
ಸುಮ್ಮನೆ ಕೂರಬೇಕು.
ತೋರುಬೆರಳಿಗೆ ಟೇಪು ಹಚ್ಚಿ ಅಂಟಿಸಿದ ತಂತಿ
ಹತ್ತನೇ ನಿಮಿಷಕ್ಕೆ ಹೇಳುತ್ತದೆ
ಚರ್ಮಕ್ಕೆ ಬಿಸಿ ಎಷ್ಟು ಮರಳಿತೆಂದು.

ಪೂವಮ್ಮ ಮೇಡಂ ಮಡಿಕೇರಿಯಲ್ಲಿ ಗೀಚಿಕೊಟ್ಟ ನಕ್ಷೆ
ಚೌಕಾಬಾರದ ಮಣೆಗಿಂತ ಸಲೀಸು,
ನಾಲ್ಕೇ ಮನೆ.
ಅಡ್ಡಕ್ಕೆ ಕೆಲಸ: ಪಲ್ಪರ್ ತೊಟ್ಟಿಯಲ್ಲಿ ಕಾಫಿ ತೊಳೆಯುವ ಕೈ,
ಆಫೀಸಿನಲ್ಲಿ ಲೆಕ್ಕ ಬರೆಯುವ ಕೈ.
ಉದ್ದಕ್ಕೆ ಹೊತ್ತು: ಬೆಳಿಗ್ಗೆ ಏಳು, ಮಧ್ಯಾಹ್ನ ಮೂರು.
ಯಾರಿಗೆ ಯಾವ ಹೊತ್ತು, ಚೀಟಿ ಎತ್ತಿ.
ಮನೆಗೆ ಎಂಟು ಜನ.
(ಹದಿನಾರು ರೈಟರುಗಳಿಗಾಗಿ ಆರು ತೋಟ ಅಲೆದೆ.)
"ಕಾರಣಗಳನ್ನ ಒಂದೊಂದಾಗಿ ವಿಚಾರಿಸಬೇಡ,
ಎದುರುಬದುರು ಕೂರಿಸು.
ಜಗಳವೋ ನೆಂಟಸ್ತಿಕೆಯೋ ಆಗ ಗೊತ್ತಾಗೋದು."

ರೈಟರ್ ಚಂಗಪ್ಪ ಉಂಗುರ ಬಿಚ್ಚಿ ಜೇಬಿಗಿಟ್ಟು
ಮೂವತ್ತನೇ ಸೆಕೆಂಡಿಗೆ ಹಲ್ಲು ಕಚ್ಚಿದರು.
ಬೊಳ್ಳಿ ಮಾತ್ರ, ನಿಮಿಷ ಮುಗಿದರೂ ಕೈ ತೆಗೆಯದೆ,
"ಇಷ್ಟೇನಾ?" ಅಂದಳು.
ಆಮೇಲೆ ನನ್ನ ಹಾಳೆಗೆ ಬಗ್ಗಿ,
"ನನ್ನ ಎಲ್ಲಿ ಬರ್ದೆ?"
ಮೂರನೇ ಮನೆ, ಅಂದೆ.
"ಲೈನಲ್ಲೂ ನಮ್ದು ಮೂರನೇ ಬಾಗ್ಲು.
ಅಲ್ಲೂ ನಂಬರೇ."
ಒಂದು ಗಳಿಗೆ ಬಿಟ್ಟು,
"ಇದಕ್ಕಾದ್ರೂ ಹಕ್ಕುಪತ್ರ ಕೊಡ್ತೀಯಾ?"
ಸಾಲಿನಲ್ಲಿ ನಿಂತವರೆಲ್ಲ ನಕ್ಕರು.
ನಾನು ತಂತಿಯ ಟೇಪು ಬಿಡಿಸುತ್ತಿದ್ದೆ,
ನಿಧಾನಕ್ಕೆ, ಚರ್ಮ ಕಿತ್ತುಬರದಂತೆ.

ಫೆಬ್ರವರಿಯ ಒಂದು ರಾತ್ರಿ ಕೋಷ್ಟಕ ಬಂತು.
ಕೆಲಸ: ಪ್ರಭಾವವಿಲ್ಲ.
ಹೊತ್ತು: ಪ್ರಭಾವವಿಲ್ಲ.
ಮೂರು ತಿಂಗಳು, ಒಂದು ಕ್ವಿಂಟಾಲ್ ಮಂಜುಗಡ್ಡೆ,
ಮತ್ತು ಪ್ರಭಾವವಿಲ್ಲ.
ಹಾಳೆ ಮಡಚುವಾಗ ಕಂಡಿತು ಮೂರನೇ ಸಾಲು,
ಕೆಲಸವೂ ಹೊತ್ತೂ ಕೂಡಿದ್ದು.

ಚಿತ್ರ ಬರೆದೆ. ಎರಡು ಗೆರೆ,
ಕತ್ತರಿಯ ಹಾಗೆ ಒಂದರ ಮೇಲೊಂದು.
ಬೆಳಗಿನ ಏಳಕ್ಕೆ ತೊಳೆಯುವ ಬೆರಳು
ಚಳಿಗೆ ಹಳೇ ಪರಿಚಯದವರಂತೆ, ಬೇಗ ಬಿಸಿಯಾಗಿತ್ತು.
ರೈಟರುಗಳದ್ದು ಸೆಟೆದು ಹಾಗೇ ಇತ್ತು.
ಮೂರು ಗಂಟೆಗೆ ಉಂಡು ಬಂದ ರೈಟರುಗಳ ಬೆರಳು
ಹಪ್ಪಳದಂತೆ ಬೆಚ್ಚಗೆ,
ಏಳು ತಾಸು ತೊಟ್ಟಿಯಲ್ಲಿದ್ದವು
ಮರಳಲು ಒಪ್ಪಲೇ ಇಲ್ಲ.
ಕೂಡಿಸಿ ಎರಡರಿಂದ ಭಾಗಿಸಿ ನೋಡಿ,
ಎಲ್ಲರೂ ಸಮ.
ಎಲ್ಲರೂ ಸಮ ಅನ್ನುವ ಮಾತನ್ನು
ಅವತ್ತಿನಿಂದ ಸ್ವಲ್ಪ ಹುಷಾರಾಗಿ ಕೇಳುತ್ತೇನೆ.

ಕೋಷ್ಟಕದ ಕೊನೆಯ ಸಾಲಿಗೆ ದೋಷ ಅಂತ ಹೆಸರು.
ನಮ್ಮಜ್ಜಿಯಾದರೆ ದೋಷಕ್ಕೆ
ಯಾರನ್ನಾದರೂ ಕರೆಸಿ ಪರಿಹಾರ ಕೇಳುತ್ತಿದ್ದಳು.
ಇಲ್ಲಿ ಅದೊಂದು ಅಂಕಿ;
ನಾವು ಕೇಳದೆ ಬಿಟ್ಟದ್ದೆಲ್ಲ
ಅದರೊಳಗೆ ತಲೆ ತಗ್ಗಿಸಿ ಕೂತಿರುತ್ತದೆ.

ಮೂರನೇ ಮನೆಯಲ್ಲಿ ಏಳು ಜನ ಇಪ್ಪತ್ತೇಳರ ಆಸುಪಾಸು.
ಬೊಳ್ಳಿ ಒಬ್ಬಳೇ ಮೂವತ್ತಮೂರು ಬಿಂದು ಎಂಟು.
"ತೆಗೆದುಬಿಡಲಾ?"
"ಕಾರಣ ಗೊತ್ತಾ?"
ಗೊತ್ತಿರಲಿಲ್ಲ. ಬಸ್ಸು ಹತ್ತಿ ಹೋಗಿ ಕೇಳಿದೆ.

"ನಿನ್ ನೀರು ತಣ್ಣಗಿರುತ್ತೆ ಅಂತ ಎಲ್ರೂ ಅಂದ್ರಲ್ಲ,
ಮೊದ್ಲೇ ಹಂಡೆಗೆ ಕೈ ಒತ್ತಿ ನಿಂತಿದ್ದೆ, ಬಾಳಾ ಹೊತ್ತು.
ನಿಂಗೆ ಒಳ್ಳೇ ನಂಬರ್ ಬರ್ಲಿ ಅಂತ."

ಅವಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ.
ಎಫ್ ಇಳಿಯಿತು, ಪೂರ್ತಿ ಬೀಳಲಿಲ್ಲ.
ಅಡಿಟಿಪ್ಪಣಿ ಬರೆದೆ:
ಮನೆ ಮೂರು. ಒಬ್ಬರು. ಬಿಸಿ ಹಂಡೆ.
ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದರು,
ಯಾಕೆಂದು ಹೇಳಲಿಲ್ಲ.

ಬಕೆಟ್ಟನ್ನು ಈಗ ಬಟ್ಟೆ ನೆನೆಹಾಕಲು ಇಟ್ಟುಕೊಂಡಿದ್ದೇನೆ.
ಮೊಯ್ದು ಹೇಳಿದ್ದು ನಿಜ.