ಕರೆಂಟು ಹೋದ ಮೇಲೂ

ಮೂರು ಮಷೀನು ಒಮ್ಮೆಗೇ ನಿಂತವು.
ಫ್ಯಾನು ಇನ್ನೊಂದೆರಡು ಸುತ್ತು ತಿರುಗಿ
ಅದೂ ನಿಂತಿತು.
ಕೌಲ್ ಬಜಾರಿನ ಓಣಿಯಲ್ಲಿ ಮಟಮಟ ಮಧ್ಯಾಹ್ನ.
ಗುಂಯ್ ಅನ್ನುವುದು ಮಾತ್ರ ನಿಲ್ಲಲಿಲ್ಲ.

'ಯಾರವಾ ಇನ್ನೂ ಹೊಲಿಯಾಕಿ?' ಅಂದಳು ಮಾಬುನ್ನಿ.
ಸುಂಕಮ್ಮ ಎರಡೂ ಕೈ ಮೇಲೆತ್ತಿ ತೋರಿಸಿದಳು,
ಪೊಲೀಸರ ಎದುರು ಎತ್ತಿದ ಹಾಗೆ.
ನಾನು ಗೋಡೆಗೆ ಕಿವಿ ಇಟ್ಟೆ.
ಮೀಟರ್ ಬೋರ್ಡಿನ ಪಕ್ಕ, ಸುಣ್ಣ ಬಿಟ್ಟ ಕಡೆ,
ಬೆಚ್ಚಗಿತ್ತು ಗೋಡೆ;
ಕಫ ಕಟ್ಟಿದ ಕೂಸಿನ ಬೆನ್ನು,
ಒಳಗೊಳಗೇ ಗುರುಗುರು.

ಎಷ್ಟು ದಿನದಿಂದ ಇದ್ದವೋ,
ನಮ್ಮ ಸದ್ದಿನಡಿ ತಮ್ಮ ಸದ್ದು ಹಾಸಿಕೊಂಡು.
ಯುಗಾದಿಗೂ ಮೊದಲೇ ಬಂದಿರಬೇಕು.
ಟ್ಯೂಬ್‌ಲೈಟಿಗೆ ಬಡಿದು ಬಿದ್ದ ಒಂದೆರಡನ್ನು
ಬಟ್ಟೆಯ ನೀಲಿ ಧೂಳಿನ ಜೊತೆ
ಗುಡಿಸಿ ಹಾಕಿದ್ದು ನಾನೇ.

ಸುದ್ದಿ ಹೊರಬಿದ್ದದ್ದೇ ತಡ, ಓಣಿಗೆ ಓಣಿಯೇ ಪಂಡಿತರು.
ಸೀಮೆಎಣ್ಣೆ ಹೊಡೀರಿ.
ಮೆಣಸಿನಕಾಯಿ ಹೊಗೆ ಹಾಕ್ರಿ.
ಸೊಳ್ಳೆ ಹೊಡೆಯುವ ಬ್ಯಾಟು ಹಿಡಿದು ಬಂದ ಹುಡುಗನ
ಹುಬ್ಬು ಊದಿ ಕಣ್ಣು ಮುಚ್ಚಿತು.
ಸುಣ್ಣ ಹಚ್ಚಿದೆವು, ಇನ್ನಷ್ಟು ಅತ್ತ.
ಮಾಲಕ ಎರ್ರಿಸ್ವಾಮಿ ಫೋನಿನಲ್ಲೇ ತೀರ್ಪು ಕೊಟ್ಟ:
'ಒಂದು ಬೊಗಸಿ ಸಿಮೆಂಟು ಕಲಸಿ ತೂತು ಮುಚ್ಚಿಬಿಡ್ರಿ,
ಒಳಗಿಂದೊಳಗೇ ತಣ್ಣಗಾಗ್ತಾವ.'

ಮಾಬುನ್ನಿ ಸಿಮೆಂಟು ಕಲಸಲಿಲ್ಲ.
'ಅದರ ಮಗ್ಗಲಿಗೇ ಕುಂತು ಪ್ಯಾಂಟ್ ಹೊಲಿಯೋದು ಹ್ಯಾಂಗ,
ಒಳಗ ಅವು ಒಂದೊಂದೇ ಸುಮ್ಮನಾಗೋದು
ಕೇಳಿಕೊಂತ?'

ಗಾದಿಲಿಂಗ ಬಂದ, ಸಂಗನಕಲ್ಲಿನಿಂದ, ಟಿವಿಎಸ್ ಮೇಲೆ.
ಹಿಂದೆ ಕಟ್ಟಿಗೆ ಪೆಟ್ಟಿಗೆ, ಹ್ಯಾಂಡಲಿಗೆ ಬುತ್ತಿ ಡಬ್ಬಿ.
ಮುಖಕ್ಕೆ ಪರದೆ ಇಲ್ಲ, ಬಾಯಲ್ಲಿ ಮಂತ್ರವೂ ಇಲ್ಲ.
ಮೊದಲು ಡಬ್ಬಿ ಬಿಚ್ಚಿ ಉಂಡ.
ಆಮೇಲೆ ಬೆರಳು ಮಡಿಸಿ ಗೋಡೆ ಬಡಿದು ನೋಡಿ
'ಇಟ್ಟಿಗಿ ಕದ್ದಾರ ಇಲ್ಲಿ,' ಅಂದ.
'ನಾಕು ಇಟ್ಟಿಗಿ ಉಳಿಸ್ಯಾನ ನಿಮ್ಮ ಮಾಲಕ.
ತುಡುವಿಗೆ ಅಷ್ಟು ಸಾಕು.'

ಉಳಿಯಿಂದ ಗಾರೆ ಬಿಡಿಸಿದ.
ತೆಂಗಿನ ನಾರಿನ ಹೊಗೆ ಮೆಲ್ಲಗೆ ಊದಿದ,
ಬಸಿಯಲ್ಲಿ ಚಹಾ ಆರಿಸುವವನ ಹಾಗೆ.
ಒಳಗೆ ಏಳು ಎರಿ.
ಯಾವ ಕಂಬಕ್ಕೂ ಒರಗದೆ, ಒಂದಕ್ಕೊಂದು ತಾಗದೆ,
ನಡುವೆ ಒಂದು ಜೇನು ಹೊರಳುವಷ್ಟೇ ಸಂದು.
ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡ ನನಗೆ
ನಾಚಿಕೆಯಾಯಿತು.

ಮರಿ ಇದ್ದ ಎರಿಗಳನ್ನು ಚೌಕಟ್ಟಿಗೆ ಕಟ್ಟಬೇಕು.
ಬಾಳೆಪಟ್ಟಿ ಮರೆತು ಬಂದಿದ್ದ.
'ದಾರ ಐತೇನವಾ?'
ಕೇಳಿದ್ದು ಯಾರ ಮನೆಯಲ್ಲಿ!
ಸುಂಕಮ್ಮನಿಗೆ ನಗು ತಡೆಯಲಾಗಲಿಲ್ಲ.
'ನೈಲಾನ್ ಬ್ಯಾಡ, ಹತ್ತೀದು ಕೊಡು.'
ಹಳೆಯ ಉಂಡೆ ಒಂದು ಸಿಕ್ಕಿತು, ಕಿತ್ತಳೆ ಬಣ್ಣದ್ದು.
ಅವನು ಹಿಡಿದ, ನಾನು ಸುತ್ತಿದೆ.
ಮೊಣಕೈವರೆಗೂ ಜೇನು ನಡೆದಾಡಿದವು.
ಒಂದೂ ಕಚ್ಚಲಿಲ್ಲ ಅಂತ ಹೇಳುವ ಆಸೆ;
ಎರಡು ಕಚ್ಚಿದವು.

ಬೆಂಕಿಪೊಟ್ಟಣದೊಳಗೆ ರಾಣಿ ಹೋದಳು,
ಉಳಿದವು ಅವಳ ಹಿಂದೆ.
ಕತ್ತಲಾಗುವತನಕ ಕಾಯಬೇಕಿತ್ತು ಅವನು.
ಕಾಲೇಜಿನಲ್ಲಿ ಹೆಜ್ಜೇನು ಎದ್ದಾವೆ ಅಂತ ಫೋನು ಬಂದು
ಐದಕ್ಕೇ ಹೊರಟುಬಿಟ್ಟ.

ಹೊರಗೆ ಹೋದವು ಆಮೇಲೆ ಬಂದವು,
ಕಾಲಿಗೆ ಹಳದಿ ಹಿಟ್ಟು ಮೆತ್ತಿಕೊಂಡು,
ಯಾವ ತಾರಸಿಯ ದಾಸವಾಳದ್ದೋ, ಯಾವ ಬೇವಿನದೋ.
ತೂತಿತ್ತು. ಒಳಗೆ ಯಾರೂ ಇರಲಿಲ್ಲ.
ಒಂದು ಹಿಡಿಯಷ್ಟು,
ಬೋಳು ಗೋಡೆಗೆ ಅಂಟಿ ಮೂರು ರಾತ್ರಿ ಮಲಗಿದವು.
ಬಟ್ಟಲಲ್ಲಿ ಸಕ್ಕರೆ ನೀರು ಇಟ್ಟಳು ಮಾಬುನ್ನಿ.
ಇರುವೆ ಬಂದವು.
ನಾಲ್ಕನೆಯ ಬೆಳಿಗ್ಗೆ ಪೊರಕೆ ಹಿಡಿದವಳು
ಈ ಸಲವೂ ನಾನೇ.

ಎರಿಯ ಮೇಣ ಉಳಿದಿತ್ತು ಸ್ವಲ್ಪ.
ದಪ್ಪ ಬಟ್ಟೆಗೆ ದಾರ ತುಂಡಾದಾಗೆಲ್ಲ
ಅದರ ಮೇಲೆ ಎಳೆದು ಪೋಣಿಸುತ್ತೇನೆ.
ಕರೆಂಟು ಹೋದರೆ ಈಗ ಎಲ್ಲ ಪೂರ್ತಿ ನಿಲ್ಲುತ್ತದೆ,
ಮೂವರೂ ಗೋಡೆಯ ಕಡೆ ತಿರುಗುತ್ತೇವೆ.

ಎಂಟನೆಯ ದಿನ ಗಾದಿಲಿಂಗನ ಫೋನು:
'ನಿನ್ನ ದಾರ ಎಳಿ ಎಳಿ ಕಡಿದು
ಬಾಗಿಲ ಹೊರಗ ಒಗದಾವ ನೋಡವಾ.
ಎರಿ ತಾವೇ ಹಚ್ಚಿಕೊಂಡಾವ, ಇನ್ನ ಬ್ಯಾಡಂತ.'

ನನ್ನ ಹೊಲಿಗೆ ಬಿಚ್ಚಿದವರು ಬಹಳ ಮಂದಿ,
ಓರೆ ಅಂತ, ಸಡಿಲ ಅಂತ, ಚಾಕಿನಿಂದ ಗೀಟು ಹಾಕಿ.
ಕೂಲಿಯಲ್ಲಿ ಮುರಿದುಕೊಳ್ಳದೆ ಬಿಚ್ಚಿದವು
ಇವೇ ಮೊದಲು.